ಹೊಂಬಾಳಮ್ಮನ ಒಂಬೈನೂರ ಎಂಬತ್ತೆಂಟು ಮಂಗಳವಾರ

ನಮ್ಮೂರು ಸೋಮವಾರ, ಮಂಗಳವಾರ ಮೂಡಣ ದೇಶಕ್ಕೆ ಸೇರಿದ್ದು. ಬುಧವಾರ, ಗುರುವಾರ ಪಡುವಣ ದೇಶಕ್ಕೆ. ಶುಕ್ರವಾರ, ಶನಿವಾರ ತೆಂಕಣ ದೇಶಕ್ಕೆ. ಭಾನುವಾರ ಯಾರಿಗೂ ಸೇರಿದ್ದಲ್ಲ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ, ನಮಗೇನೂ ಅನ್ನಿಸುವುದಿಲ್ಲ. ಪೋಸ್ಟ್‌ಮ್ಯಾನು ಮೂರು ಟೋಪಿ ಇಟ್ಟುಕೊಂಡಿದ್ದಾನೆ, ಶಾಲೆಯ ಮಕ್ಕಳು ಮೂರು ನಾಡಗೀತೆ ಕಲಿತು ಮೂರನ್ನೂ ಒಂದೇ ರಾಗದಲ್ಲಿ ಹಾಡುತ್ತವೆ, ಅಷ್ಟೆ. ಭಾನುವಾರ ಮದುವೆಯಾದವರ ಜಗಳವನ್ನು ಯಾವ ದೇಶದ ಕೋರ್ಟೂ ಕೇಳುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಎಲ್ಲ ಮದುವೆಗಳನ್ನೂ ಭಾನುವಾರವೇ ಇಡುತ್ತಾರೆ. ಗಂಡ ಹೆಂಡಿರು ಬೇರೆ ದಾರಿ ಕಾಣದೆ ಹೊಂದಿಕೊಂಡು ಬಾಳುತ್ತಾರೆ.

ನಾನು ಆಸ್ಪತ್ರೆಯ ರೆಕಾರ್ಡ್ ರೂಮಿನವಳು. ಹೆಸರು ಚಿಕ್ಕತಾಯಮ್ಮ, ಊರವರ ಬಾಯಲ್ಲಿ ರಿಕಾರ್ಡಮ್ಮ. ಆಸ್ಪತ್ರೆ ಇರುವುದು ಒಂದೇ, ಡಾಕ್ಟರೂ ಒಬ್ಬರೇ, ಹನುಮಂತರಾಯಪ್ಪನವರು. ಆದರೆ ಬೋರ್ಡು ಮೂರು, ಡಾಕ್ಟರ ಕೋಟು ಮೂರು, ಅವರ ಸಹಿಯೂ ಮೂರು ಥರ. ನನ್ನ ಹತ್ತಿರ ಫೈಲುಗಳೂ ಮೂರು ಬಣ್ಣದವು: ಮೂಡಣದ್ದು ಕೆಂಪು, ಪಡುವಣದ್ದು ಹಳದಿ, ತೆಂಕಣದ್ದು ಹಸಿರು. ಒಬ್ಬನೇ ಮನುಷ್ಯ ಸೋಮವಾರ ಕೆಮ್ಮಿದರೆ ಕೆಂಪಿನಲ್ಲಿ ಬರೆಯುತ್ತೇನೆ, ಗುರುವಾರ ಕೆಮ್ಮಿದರೆ ಹಳದಿಯಲ್ಲಿ. ಒಂದು ಫೈಲಿನ ಕೆಮ್ಮು ಇನ್ನೊಂದು ಫೈಲಿಗೆ ಗೊತ್ತಾಗಬಾರದು, ಅದು ಕಾನೂನು.

ಯಾವ ದಿನ ಕಾಯಿಲೆ ಬೀಳಬೇಕು ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ತೆಂಕಣ ದೇಶದವರು ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದ ಪ್ರತಿಯೊಬ್ಬರಿಗೂ ಮನೆಗೆ ಹೋಗುವಾಗ ಒಂದು ಕಂಬಳಿ ಕೊಡುತ್ತಾರೆ. ಹಾಗಾಗಿ ಶುಕ್ರವಾರ ಬಂತೆಂದರೆ ಇಡೀ ಊರಿಗೆ ಹೊಟ್ಟೆನೋವು. ಕಂಬಳಿ ಕೈಗೆ ಬಿದ್ದ ತಕ್ಷಣ ನೋವು ಮಾಯ. ನಮ್ಮ ಮನೆಯಲ್ಲೇ ಹನ್ನೊಂದು ಕಂಬಳಿಗಳಿವೆ, ನಾನ್ಯಾಕೆ ಸುಳ್ಳು ಹೇಳಲಿ. ಪಡುವಣದವರದು ಬೇರೆ ಕಥೆ. ಅವರ ಫಾರಮ್ಮಿನಲ್ಲಿ ಅರವತ್ನಾಲ್ಕು ಪ್ರಶ್ನೆ. ನಿಮ್ಮ ಅಜ್ಜಿಗೆ ಯಾವ ವಯಸ್ಸಿನಲ್ಲಿ ಹಲ್ಲು ಬಿತ್ತು ಅನ್ನುವವರೆಗೂ ಕೇಳುತ್ತಾರೆ. ಅರ್ಧ ಜನ ಉತ್ತರ ಹೇಳಿ ಮುಗಿಸುವುದರೊಳಗೆ ತಾವಾಗಿಯೇ ಗುಣವಾಗುತ್ತಾರೆ, ಇನ್ನರ್ಧ ಜನ ಬೈದುಕೊಂಡು ಎದ್ದು ಹೋಗುತ್ತಾರೆ. ಭಾನುವಾರ ಯಾರೂ ಕಾಯಿಲೆ ಬೀಳುವುದಿಲ್ಲ. ಜ್ವರ ಬಂದರೂ ಅದಕ್ಕೆ ನಾಳೆ ಬಾ ಅಂತ ಹೇಳಿ ಮುಸುಕು ಹೊದ್ದು ಮಲಗುತ್ತೇವೆ.

ಉಳಿದದ್ದು ಮೂಡಣದ ಎರಡು ದಿನ. ಆ ದೇಶದವರು ಕಂಬಳಿಯನ್ನೂ ಕೊಡುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಆದರೆ ಅವರ ಕರೆಂಟಿಗೆ ಮಾತ್ರ ಜೀವ ಇದೆ. ಉಳಿದೆರಡು ದೇಶಗಳ ಕರೆಂಟಿನಲ್ಲಿ ಬಲ್ಬು ಹತ್ತಿದರೆ ಪುಣ್ಯ. ಆದ್ದರಿಂದ ಹೊಂಬಾಳಮ್ಮ ತನ್ನ ಖಾರದ ಪುಡಿ ಮಿಲ್ಲನ್ನು ಮಂಗಳವಾರ, ಸಂತೆಯ ದಿನ, ಓಡಿಸುತ್ತಾಳೆ. ಮೂರು ದೇಶದ ಮೆಣಸಿನಕಾಯಿ ಮೂಟೆಗಳೂ ಆವತ್ತೇ ಬಂದು ಬೀಳುತ್ತವೆ. ಮಧ್ಯಾಹ್ನ ಮೂರರಿಂದ ಊರಿಗೆ ಊರೇ ಸೀನುತ್ತದೆ. ಸಂಜೆ ಐದಕ್ಕೆ ಹೊಂಬಾಳಮ್ಮನಿಗೆ ಉಬ್ಬಸ ಏರುತ್ತದೆ. ಐದೂವರೆಗೆ ಅವಳು ತಲೆಗೆ ಟವಲ್ ಸುತ್ತಿಕೊಂಡು, ಮೈತುಂಬ ಖಾರದ ಪುಡಿಯಾಗಿ, ಸುಂಯ್ ಸುಂಯ್ ಎನ್ನುತ್ತ ಆಸ್ಪತ್ರೆಗೆ ಬರುತ್ತಾಳೆ. ಡಾಕ್ಟರು ಸೂಜಿ ಚುಚ್ಚಿ ಮೂಗಿಗೆ ಆಕ್ಸಿಜನ್ ಇಡುತ್ತಾರೆ. ಏಳು ಗಂಟೆಗೆ ಅವಳು ಎದ್ದು ಮನೆಗೆ ಹೋಗುತ್ತಾಳೆ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ.

"ಆ ಹಾಳು ಮಿಲ್ಲನ್ನು ಮುಚ್ಚಬಾರದೇನೆ? ಒಂದು ದಿನ ಅಲ್ಲೇ ಗೊಟಕ್ ಅಂತೀಯ," ಎಂದು ನಾನು ಬೈಯುತ್ತೇನೆ. ಅವಳು ನನಗೆ ಲಂಗ ದಾವಣಿ ಕಾಲದ ಗೆಳತಿ, ಬೈಯುವ ಹಕ್ಕಿದೆ.

"ಮುಚ್ಚಿದ್ರೆ ನೀನು ಸಾರಿಗೆ ಏನ್ ಹಾಕ್ತೀಯೆ, ನಿನ್ ತಲೆನಾ?" ಎಂದು ಮಾಸ್ಕಿನ ಒಳಗಿನಿಂದಲೇ ಅವಳು ಕೇಳುತ್ತಾಳೆ. ನಾನು ಕೆಂಪು ಫೈಲು ತೆಗೆದು ದಿನ, ಕಾಯಿಲೆ, ಎಷ್ಟನೇ ಸಲ ಬಂದದ್ದು, ಎಲ್ಲ ಬರೆದುಕೊಳ್ಳುತ್ತೇನೆ.

ಹೀಗಿರುವಾಗ ಒಂದು ಬುಧವಾರ ವಾಮನರಾಯರು ಬಂದರು. ಎಲ್ಲ ದೇಶಗಳ ಆಸ್ಪತ್ರೆಗಳನ್ನು ಒಂದಕ್ಕೊಂದು ಹೋಲಿಸಿ, ಯಾವುದು ಮೇಲು ಯಾವುದು ಕೀಳು ಎಂದು ಪಟ್ಟಿ ಮಾಡುವ ಮಂಡಳಿ ಒಂದಿದೆಯಂತೆ. ಅದರ ಅಧಿಕಾರಿ ಇವರು. ಇಸ್ತ್ರಿ ಮಾಡಿದ ಪಂಚೆ, ಕಿಸೆಯಲ್ಲಿ ನಾಲ್ಕು ಪೆನ್ನು, ಮುಖದಲ್ಲಿ ನಗು ಇಲ್ಲ. ರೋಗಿಗಳನ್ನು ನೋಡುತ್ತೀರಾ ಎಂದು ಡಾಕ್ಟರು ಕೇಳಿದರೆ, "ಅಗತ್ಯವಿಲ್ಲ, ದಾಖಲೆ ಸಾಕು," ಅಂದರು. ನನ್ನ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಶನಿವಾರದವರೆಗೂ ಏಳಲಿಲ್ಲ. ನಾಲ್ಕು ದಿನ ನನ್ನ ಅಕ್ಷರವನ್ನು ಅಷ್ಟು ಶ್ರದ್ಧೆಯಿಂದ ಓದಿದ ಗಂಡಸು ಇನ್ನೊಬ್ಬನಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು, ದಿನಕ್ಕೆ ಎರಡು ಸಲ ಕಾಫಿ ಮಾಡಿಕೊಟ್ಟೆ. ಆ ಕಾಫಿಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಊರು ಯಾರದೂ ಅಲ್ಲವಾದ್ದರಿಂದ ಪಕ್ಷಪಾತವಿಲ್ಲದೆ ತೀರ್ಪು ಹೇಳಲು ಆವತ್ತೇ ಸರಿ ಎಂದು ಅವರು ಎಲ್ಲರನ್ನೂ ಆಸ್ಪತ್ರೆಯ ಜಗಲಿಗೆ ಕರೆಸಿದರು. ತೆಂಕಣ ದೇಶ ಮೊದಲನೆಯದು. ಬಂದ ರೋಗಿಗಳಲ್ಲಿ ನೂರಕ್ಕೆ ನೂರು ಗುಣ. ಪಡುವಣ ಎರಡನೆಯದು, ಒಮ್ಮೆ ಬಂದ ರೋಗಿ ಮತ್ತೆ ಬಂದದ್ದೇ ಅಪರೂಪ. ಮೂಡಣ ಕಟ್ಟಕಡೆಯದು.

"ಪಡುವಣದಲ್ಲಿ ಮತ್ತೆ ಬರದವರೆಲ್ಲ ಗುಣವಾದವರಾ ಸಾಮಿ? ಕಾಳಿಂಗಯ್ಯ ನಲವತ್ತೊಂದನೇ ಪ್ರಶ್ನೆಗೆ ಎದ್ದು ಹೋದೋನು ಮೂರೇ ದಿನಕ್ಕೆ ತೀರ್ಕೊಂಡ," ಎಂದೆ ನಾನು.

ವಾಮನರಾಯರು ಹಳದಿ ಫೈಲು ತಿರುವಿದರು. "ಯಾವತ್ತು ತೀರಿಕೊಂಡರು?"

"ಭಾನುವಾರ."

"ಭಾನುವಾರದ ಸಾವು ಯಾವ ದೇಶದ ಲೆಕ್ಕಕ್ಕೂ ಬರುವುದಿಲ್ಲ ಅಮ್ಮಾ. ದಾಖಲೆಯ ಪ್ರಕಾರ ಕಾಳಿಂಗಯ್ಯ ಆರೋಗ್ಯವಾಗಿದ್ದಾರೆ."

ಗುಂಪಿನಲ್ಲಿದ್ದ ಕಾಳಿಂಗಯ್ಯನ ಹೆಂಡತಿ, "ಅಯ್ಯೋ, ಹಂಗಾದ್ರೆ ಎಲ್ಲವ್ರೆ ಕೇಳ್ರವ್ವ," ಅಂದಳು. ಎಲ್ಲರೂ ನಕ್ಕರು, ರಾಯರು ನಗಲಿಲ್ಲ.

ಮೂಡಣಕ್ಕೆ ಈ ಗತಿ ಬರಲು ಮುಖ್ಯ ಕಾರಣ ಒಬ್ಬಳೇ ರೋಗಿ ಎಂದು ಅವರು ಹೇಳಿದರು. ಒಂದೇ ಕಾಯಿಲೆಗೆ ಒಂಬೈನೂರ ಎಂಬತ್ತೆಂಟು ಸಲ ಬಂದಿದ್ದಾಳೆ. ಅಂದರೆ ಆಸ್ಪತ್ರೆ ಒಂಬೈನೂರ ಎಂಬತ್ತೆಂಟು ಸಲ ಸೋತಿದೆ. ಮಂಡಳಿ ನೋಡಿದ ಯಾವ ದೇಶದಲ್ಲೂ ಇಂಥ ಸೋಲಿಲ್ಲ. ಆದ್ದರಿಂದ ಮೂಡಣದ ದಿನಗಳಲ್ಲಿ ಆಸ್ಪತ್ರೆಗೆ ಬೀಗ. ಅಲ್ಲದೆ, ಮೂಡಣದ ಡಾಕ್ಟರ್ ಹನುಮಂತರಾಯಪ್ಪನವರು ತೆಂಕಣದ ಡಾಕ್ಟರ್ ಹನುಮಂತರಾಯಪ್ಪನವರ ಕೈಕೆಳಗೆ ಆರು ತಿಂಗಳು ತರಬೇತಿ ಪಡೆಯಬೇಕು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸ್ವಾಮಿ, ನಾನು ನನ್ನ ಹತ್ತಿರಾನೇ ಕಲೀಬೇಕಾ?"

"ಅವರು ಒಪ್ಪಿದರೆ," ಅಂದರು ರಾಯರು.

"ಒಪ್ಪಲ್ಲ. ನನಗೆ ಅವರ ಸ್ವಭಾವ ಗೊತ್ತು," ಎಂದರು ಡಾಕ್ಟರು ಬೇಜಾರಿನಿಂದ.

ನನಗೆ ನಗಲೂ ಆಗಲಿಲ್ಲ. ಮಂಗಳವಾರ ಬೀಗ ಅಂದರೆ ಹೊಂಬಾಳಮ್ಮ ಬುಧವಾರ ಬೆಳಗಿನವರೆಗೆ ಉಸಿರು ಹಿಡಿದುಕೊಂಡು ಕಾಯಬೇಕು, ಆಮೇಲೆ ಅರವತ್ನಾಲ್ಕು ಪ್ರಶ್ನೆಗೆ ಉತ್ತರ ಹೇಳಬೇಕು. ಅವಳು ಅಜ್ಜಿಯ ಹಲ್ಲಿನವರೆಗೂ ಉಳಿಯುವುದಿಲ್ಲ. ನಾನು ಕೈಯಾರೆ ಬರೆದ ಅಕ್ಷರವೇ ಅವಳ ಕುತ್ತಿಗೆಗೆ ಬಂತಲ್ಲ. ಅವಳು ಮಾತ್ರ ಜಗಲಿಯ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಅಷ್ಟೊಂದ್ ಸಲ ಬಂದಿದೀನಾ? ಪಾಪ, ಮೆಟ್ಲು ಸವೆದೋಗಿರ್ತವೆ," ಅಂದಳು.

ಊರವರು ಕೈ ಮುಗಿದು, ಕಾಲು ಹಿಡಿದು, ಸೋಮವಾರ ಒಂದು ದಿನ ಪರೀಕ್ಷೆಗೆ ಅವಕಾಶ ಕೊಡಿ ಎಂದು ಕೇಳಿಕೊಂಡರು. ರಾಯರು ಒಪ್ಪಿದರು, ಸೋಮವಾರದ ದಾಖಲೆ ಚೆನ್ನಾಗಿದ್ದರೆ ಬೀಗ ಬೇಡ. ಅವರು ಅತ್ತ ಹೋಗುತ್ತಲೇ ಇತ್ತ ಸಭೆ ಕೂಡಿತು. ಉಪಾಯ ಹೇಳಿದ್ದು ನಾನೇ. ತೆಂಕಣಕ್ಕೆ ನೂರಕ್ಕೆ ನೂರು ಯಾಕೆ ಬಂತು? ಆರೋಗ್ಯವಂತರು ಬಂದು ಮಲಗಿದ್ದಕ್ಕೆ. ಹಾಗಾದರೆ ನಾವೂ ಸೋಮವಾರ ಮುನ್ನೂರು ಜನ ಗಟ್ಟಿಮುಟ್ಟಾದವರು ಹೋಗಿ ಮಲಗೋಣ, ಸಂಜೆಗೆ ಎದ್ದು ಬರೋಣ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಬಳಿ ಇಲ್ಲದೆ ನರಳಲು ಆಗುವುದಿಲ್ಲ ಎಂದು ಕೆಲವರು ತಕರಾರು ತೆಗೆದಾಗ, ಮನೆಯಲ್ಲಿರುವ ಕಂಬಳಿಗಳನ್ನೇ ತನ್ನಿ ಎಂದು ಸಮಾಧಾನ ಮಾಡಿದೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಮಂಚದ ಮೇಲೆ, ಮಂಚದ ಕೆಳಗೆ, ವರಾಂಡದಲ್ಲಿ, ಔಷಧಿ ಕೋಣೆಯ ಕಿಟಕಿಯ ಮೇಲೆ ಜನ. ಕುಸ್ತಿ ಆಡುವ ಬಸವಲಿಂಗ ಹೆರಿಗೆ ವಾರ್ಡಿನಲ್ಲಿ ಮಲಗಿ ನರಳುತ್ತಿದ್ದ. ಏನು ನೋವು ಎಂದು ರಾಯರು ಕೇಳಿದರೆ ಗಾಬರಿಯಲ್ಲಿ, "ಎಲ್ಲಾ ನೋವೂ ಐತೆ, ಸಂಜೆಗೆ ಸರಿಹೋಯ್ತದೆ," ಎಂದ.

ಎಲ್ಲ ಸುಸೂತ್ರವಾಗಿ ಆಗುತ್ತಿತ್ತು, ನಮ್ಮ ಡಾಕ್ಟರು ಒಬ್ಬರು ಸುಮ್ಮನಿದ್ದಿದ್ದರೆ. ಆ ಮನುಷ್ಯನಿಗೆ ಯಾರಾದರೂ ಎದುರಿಗೆ ಮಲಗಿದರೆ ಎದೆಗೆ ಸ್ಟೆತಸ್ಕೋಪು ಇಡದೆ ಕೈ ಸುಮ್ಮನಿರುವುದಿಲ್ಲ. ಮುನ್ನೂರು ಜನರನ್ನೂ ಒಬ್ಬೊಬ್ಬರಾಗಿ ನಿಜವಾಗಿ ಪರೀಕ್ಷೆ ಮಾಡಿದರು! ಹುಟ್ಟಿದಾಗಿನಿಂದ ಕಂಬಳಿಗಲ್ಲದೆ ಡಾಕ್ಟರ ಮುಖ ನೋಡದವರ ಬಿ.ಪಿ. ನೋಡಿದರು, ಕಣ್ಣು ಎಳೆದು ನೋಡಿದರು. ಸಂಜೆಯ ಹೊತ್ತಿಗೆ ನಲವತ್ತು ಜನಕ್ಕೆ ಬಿ.ಪಿ., ಇಪ್ಪತ್ತಾರು ಜನಕ್ಕೆ ಸಕ್ಕರೆ ಕಾಯಿಲೆ, ಬಸವಲಿಂಗನಿಗೆ ಹರ್ನಿಯಾ. ಮೂಡಣದ ಇತಿಹಾಸದಲ್ಲೇ ಒಂದು ದಿನದಲ್ಲಿ ಇಷ್ಟು ರೋಗ ದಾಖಲಾಗಿರಲಿಲ್ಲ.

"ಡಾಕ್ಟ್ರೇ, ಏನ್ ಮಾಡ್ಬಿಟ್ರಿ!" ಎಂದು ನಾನು ತಲೆ ಚಚ್ಚಿಕೊಂಡೆ.

"ಇದ್ದಿದ್ದು ಇದೆ ಅಂದೆ ಚಿಕ್ಕತಾಯಮ್ಮಾ. ಅವರಿಗೆ ಮಾತ್ರೆ ಕೊಡೋದು ಬೇಡ್ವಾ?" ಅಂದರು ಅವರು. ನಾನು ಎಲ್ಲವನ್ನೂ ಕೆಂಪು ಫೈಲಿನಲ್ಲಿ ಬರೆದೆ. ಬರೆಯದೆ ಬಿಡಬಹುದಿತ್ತು, ಆದರೆ ಮೂವತ್ತು ವರ್ಷದಲ್ಲಿ ಒಂದು ನೆಗಡಿಯನ್ನೂ ನಾನು ಮುಚ್ಚಿಟ್ಟವಳಲ್ಲ.

ಮಂಗಳವಾರ ಬೆಳಿಗ್ಗೆ ರಾಯರು ಅಂಗೈಯಗಲದ ಬೀಗ ತಂದು ಆಸ್ಪತ್ರೆಯ ಬಾಗಿಲಿಗೆ ಜಡಿದರು. ಯಾರಾದರೂ ತೆಗೆದಾರು ಎಂದು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, ಬಾಗಿಲ ಎದುರಿಗೇ ಕುರ್ಚಿ ಹಾಕಿ ಕೂತರು. ಡಾಕ್ಟರು ಮೂಡಣದ ಕೋಟು ಹಾಕಿಕೊಂಡೇ ಜಗಲಿಯ ಮೇಲೆ ಕೂತರು. ನಾನು ಮಿಲ್ಲಿಗೆ ಓಡಿದೆ.

"ಇವತ್ತೊಂದ್ ದಿನ ಬೇಡ ಕಣೇ ಹೊಂಬಾಳಿ. ನಿನ್ ಕಾಲಿಗೆ ಬೀಳ್ತೀನಿ."

"ಅರವತ್ ಮೂಟೆ ಬಂದ್ ಬಿದ್ದವೆ. ಮಳೆ ಮೋಡ ಬೇರೆ ಆಗೈತೆ. ನೆಂದ್ರೆ ಬೂಸ್ಟು ಹಿಡೀತದೆ," ಎಂದು ಅವಳು ಟವಲ್ ಸುತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿ, "ಹೆದರ್ಕೋಬ್ಯಾಡ. ಮೆಲ್ಲಗೆ ಉಸಿರಾಡ್ತೀನಿ," ಅಂದಳು. ಮೆಲ್ಲಗೆ ಉಸಿರಾಡುತ್ತಾಳಂತೆ! ಅವಳು ಜನ್ಮದಲ್ಲಿ ಏನನ್ನೂ ಮೆಲ್ಲಗೆ ಮಾಡಿದವಳಲ್ಲ. ನನಗೆ ಅಳು ಬಂತು. ಖಾರದ ಗಾಳಿ ಎಂದು ಅವಳು ತಿಳಿದುಕೊಂಡಿರಬೇಕು.

ಮೂರು ಗಂಟೆಗೆ ಮಿಲ್ಲು ಶುರುವಾಯಿತು. ಮೋಡ ಕವಿದಿದ್ದರಿಂದ ಘಾಟು ಮೇಲೇರದೆ ಬೀದಿಯಲ್ಲೇ ಹರಡಿಕೊಂಡಿತು. ನಾವೆಲ್ಲ ಅಭ್ಯಾಸದಂತೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೆವು. ರಾಯರಿಗೆ ಇದು ಮೊದಲ ಮಂಗಳವಾರ. ದಾಖಲೆಯಲ್ಲಿ ಘಾಟು ಇರಲಿಲ್ಲವಲ್ಲ. ಒದ್ದೆ ಬಟ್ಟೆ ಕೊಡಲು ಹೋದರೆ, "ರೋಗಿಗಳ ಕಡೆಯಿಂದ ಉಡುಗೊರೆ ತೆಗೆದುಕೊಳ್ಳುವಂತಿಲ್ಲ," ಎಂದರು. ಒಂದು ಸೀನು ಸೀನಿದರು. ಎರಡು ಸೀನಿದರು. ನಾನು ಹದಿನೇಳರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಐದು ಗಂಟೆಯ ಹೊತ್ತಿಗೆ ಸೀನು ನಿಂತು ಕೆಮ್ಮು, ಕೆಮ್ಮು ನಿಂತು ಎಳೆತ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಡಾಕ್ಟರು ಓಡಿಬಂದು ಎದೆಗೆ ಕಿವಿ ಇಟ್ಟು, "ಚಿಕ್ಕತಾಯಮ್ಮಾ, ಇವರಿಗೂ ಉಬ್ಬಸ! ಒಳಗೆ ಕರಕೊಂಡು ಹೋಗ್ಬೇಕು, ತಡ ಮಾಡೋ ಹಾಗಿಲ್ಲ," ಎಂದರು.

ರಾಯರು ಜನಿವಾರ ತಡಕಿ ಬೀಗದ ಕೈಯನ್ನು ಎಳೆದು ಕಿತ್ತರು. ಕಣ್ಣು ಬಿಡಲು ಆಗುತ್ತಿಲ್ಲ. ಕೀಲಿಕೈ ಬಾಗಿಲಿಗೆ, ಗೋಡೆಗೆ, ಡಾಕ್ಟರ ಹೊಟ್ಟೆಗೆ ತಾಗುತ್ತಿದೆ, ಬೀಗಕ್ಕೆ ಮಾತ್ರ ತಾಗುತ್ತಿಲ್ಲ. ಡಾಕ್ಟರ ಕನ್ನಡಕದ ಮೇಲೆಲ್ಲ ಖಾರದ ಪುಡಿ. ನಾನು ಕೀಲಿ ಇಸಕೊಂಡರೆ, ಆ ಗಾಬರಿಗೆ ನನ್ನ ಕೈ ಅದನ್ನು ತಲೆಕೆಳಗಾಗಿ ಹಿಡಿದಿತ್ತು. ಅಷ್ಟರಲ್ಲಿ ಬೀದಿ ತುದಿಯಿಂದ ಸುಂಯ್ ಸುಂಯ್ ಎನ್ನುತ್ತ ಹೊಂಬಾಳಮ್ಮ ಬಂದಳು, ಎಂದಿನಂತೆ ಐದೂವರೆಗೆ. ಕೆಂಪು ಗೊಂಬೆಯಂತಿದ್ದವಳು ಒಂದು ಮಾತೂ ಆಡದೆ ನನ್ನ ಕೈಯಿಂದ ಕೀಲಿ ಕಿತ್ತುಕೊಂಡು, ಕಣ್ಣು ಮುಚ್ಚಿಕೊಂಡೇ ಬೀಗ ತೆಗೆದು, ಬಾಗಿಲನ್ನು ಕಾಲಿನಿಂದ ಒದ್ದಳು. ಆ ಬಾಗಿಲನ್ನು ಅವಳಷ್ಟು ಬಲ್ಲವರು ಯಾರಿದ್ದಾರೆ.

ಒಳಗೆ ತುಂಬಿದ ಸಿಲಿಂಡರು ಒಂದೇ, ಮಾಸ್ಕೂ ಒಂದೇ. ಇಬ್ಬರಿಗೂ ಸೂಜಿ ಚುಚ್ಚಿದ ಡಾಕ್ಟರು ಮಾಸ್ಕು ಹಿಡಿದುಕೊಂಡು ಒಮ್ಮೆ ರಾಯರನ್ನು, ಒಮ್ಮೆ ಹೊಂಬಾಳಮ್ಮನನ್ನು ನೋಡಿದರು.

"ಮೊದ್ಲು... ಆವಯ್ಯಂಗೆ... ಇಡಿ," ಎಂದಳು ಹೊಂಬಾಳಮ್ಮ. "ನಂಗೆ... ಅಭ್ಯಾಸ."

ಅವಳ ತುಟಿ ನೀಲಿಯಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳ ತುಟಿ ಆ ಬಣ್ಣಕ್ಕೆ ಬಂದದ್ದನ್ನು ನಾನು ಬರೆದಿಲ್ಲ. "ಆವಯ್ಯ ಸಾಯ್ಲಿ, ಇವಳಿಗಿಡಿ!" ಎಂದು ಕೂಗಿಯೇಬಿಟ್ಟೆ. ಕೂಗಿದ್ದು ನಿಜ, ಮುಚ್ಚಿಡುವುದಿಲ್ಲ. ಡಾಕ್ಟರು ಇಬ್ಬರನ್ನೂ ಒಂದೇ ಮಂಚದ ಮೇಲೆ ಪಕ್ಕ ಪಕ್ಕ ಕೂರಿಸಿ, ರಾಯರ ಮೂಗಿಗೆ ಮಾಸ್ಕು ಇಟ್ಟರು.

ಆಗ ವಾಮನರಾಯರು ಬೆರಳು ಎತ್ತಿದರು. ಒಂದು. ಎರಡು. ಮೂರು. ನಾಲ್ಕು. ಐದು ಉಸಿರು ಎಳೆದ ತಕ್ಷಣ ತಾವೇ ಮಾಸ್ಕು ಕಿತ್ತು ಹೊಂಬಾಳಮ್ಮನ ಮುಖಕ್ಕೆ ಒತ್ತಿ, ಅವಳಿಗೂ ಬೆರಳಿನಲ್ಲಿ ಐದು ಎಣಿಸಿದರು. ಮತ್ತೆ ಐದು ತಮಗೆ, ಮತ್ತೆ ಐದು ಅವಳಿಗೆ. ಏನೇ ಹೇಳಿ, ಎಣಿಸುವುದರಲ್ಲಿ ಆ ಮನುಷ್ಯ ಗಟ್ಟಿಗ. ಒಂದೂವರೆ ಗಂಟೆ ಒಂದು ಉಸಿರನ್ನೂ ಹೆಚ್ಚು ಕಮ್ಮಿ ಮಾಡಲಿಲ್ಲ. ನಡುವೆ ಒಮ್ಮೆ ಹೊಂಬಾಳಮ್ಮ ಆರನೆಯದನ್ನು ಎಳೆಯಲು ನೋಡಿದಾಗ ಮಾತ್ರ ಕಣ್ಣು ಬಿಟ್ಟು ಗದರಿಸಿದರು.

ಏಳು ಗಂಟೆಗೆ ಇಬ್ಬರ ಉಸಿರೂ ಹದಕ್ಕೆ ಬಂತು. ನಾನು ಎರಡು ಕೆಂಪು ಫೈಲು ತೆಗೆದು ಕೂತೆ, ಒಂದು ಹಳೆಯದು, ಒಂದು ಹೊಸದು. ರಾಯರು ಗಾಬರಿಯಾಗಿ, "ನನ್ನದು ಬರೀಬೇಡಿ ಅಮ್ಮಾ. ಬೀಗ ಹಾಕಿದವನೇ ರೋಗಿಯಾದ ಎಂದಾಗುತ್ತೆ," ಎಂದರು.

"ಆಗಿದ್ದೀರಲ್ಲ," ಎಂದೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಕೇಳಿ ಇಲ್ಲಿ. ಇವಳು ಒಂಬೈನೂರ ಎಂಬತ್ತೆಂಟು ಸಲ ಬಂದಳು ಅಂತ ಎಣಿಸಿದ್ರಿ. ಅಷ್ಟು ಸಲಾನೂ ವಾಪಸ್ ನಡಕೊಂಡು ಮನೆಗೆ ಹೋದಳಲ್ಲ, ಅದನ್ನ ಯಾಕೆ ಎಣಿಸಲಿಲ್ಲ?"

"ದಾಖಲೆಯಲ್ಲಿ ಅದು ಇಲ್ಲವಲ್ಲ."

"ಇಲ್ದೆ ಏನು? ಈ ಮಂಗಳವಾರ ಬಂದಳು ಅಂದ್ರೆ ಹೋದ ಮಂಗಳವಾರ ಬದುಕಿ ಮನೆಗೆ ಹೋಗಿದ್ಲು ಅಂತಲೇ ಅಲ್ವಾ? ಸತ್ತೋರು ಬರ್ತಾರಾ ಸಾಮಿ ಮತ್ತೆ? ಕಾಳಿಂಗಯ್ಯ ಬಂದ್ನಾ?"

ರಾಯರು ಹೊಂಬಾಳಮ್ಮನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ತಿರುವಿದರು. ಬಾಯಲ್ಲೇ ಎಣಿಸುತ್ತಿದ್ದರು. ಆಮೇಲೆ ನನ್ನ ಸ್ಕೇಲು ಕೇಳಿ ತೆಗೆದುಕೊಂಡು, ತಮ್ಮ ಹೊಸ ಫೈಲಿನ ಬಲಗಡೆ ಉದ್ದಕ್ಕೆ ಒಂದು ಗೆರೆ ಎಳೆದರು. "ಈ ಕಾಲಂಗೆ ಏನು ಹೆಸರಿಡೋಣ?" ಎಂದರು.

"ಮನೆಗೆ ನಡಕೊಂಡು ಹೋದರು," ಎಂದೆ.

ಅವರು ಬರೆದರು. ಬರೆದು ಎದ್ದು, ಬೀಗವನ್ನು ನನ್ನ ಮೇಜಿನ ಮೇಲೆ ಬಿಟ್ಟು, ತಾವು ಇಳಿದುಕೊಂಡಿದ್ದ ಪ್ರವಾಸಿ ಮಂದಿರದ ಕಡೆ ಹೊರಟರು. ನಾನು ಬಾಗಿಲಲ್ಲಿ ನಿಂತು ಅವರು ಅಲ್ಲಿ ಮುಟ್ಟುವವರೆಗೂ ನೋಡಿದೆ. ನೋಡದೆ ಬರೆಯುವ ಅಭ್ಯಾಸ ನನಗಿಲ್ಲ. ಮುಟ್ಟಿದ ಮೇಲೆ ಕಾಲಂನಲ್ಲಿ ಒಂದು ಎಂದು ಬರೆದೆ.

ಆ ವಾರವೆಲ್ಲ ನಾವಿಬ್ಬರೂ ಕೂತು ಹತ್ತೊಂಬತ್ತು ವರ್ಷದ ಕೆಂಪು ಫೈಲುಗಳಿಗೆ ಗೆರೆ ಎಳೆದು, ಮತ್ತೆ ಬಂದವರೆಲ್ಲ ಹಿಂದಿನ ಸಲ ಮನೆಗೆ ಹೋದವರೇ ಎಂದು ಲೆಕ್ಕ ತುಂಬಿದೆವು. ಕಾಫಿ ಕೊಟ್ಟೆ, ಈ ಸಲ ಹೊಟ್ಟೆ ಉರಿಯಲಿಲ್ಲ. ಭಾನುವಾರ ಹೊಸ ಪಟ್ಟಿ ಬಂತು: ಮೂಡಣ ಮೊದಲನೆಯದು, ಬೀಗವಿಲ್ಲ, ತೆಂಕಣದ ಹನುಮಂತರಾಯಪ್ಪನವರು ಮೂಡಣದ ಹನುಮಂತರಾಯಪ್ಪನವರಲ್ಲಿ ತರಬೇತಿ ಪಡೆಯಬೇಕು. "ಈಗ ನಾನೇ ನನಗೆ ಪಾಠ ಹೇಳ್ಬೇಕಂತೆ," ಎಂದು ಡಾಕ್ಟರು ನಿಟ್ಟುಸಿರು ಬಿಟ್ಟು, "ದಡ್ಡ ಶಿಷ್ಯ," ಅಂದರು.

ಮರು ಮಂಗಳವಾರ ಐದೂವರೆಗೆ ಹೊಂಬಾಳಮ್ಮ ಬಂದಳು. ಸೂಜಿ ಆಯಿತು, ಆಕ್ಸಿಜನ್ ಆಯಿತು, ಏಳು ಗಂಟೆಯಾಯಿತು. ಮಾಸ್ಕು ತೆಗೆದು ಟವಲ್ ಕೊಡವಿಕೊಂಡು, "ಬರೆದ್ಯೇನೇ?" ಎಂದಳು.

"ಬಂದಿದ್ದು ಬರೆದೆ. ಒಂಬೈನೂರ ತೊಂಬತ್ತು."

"ಹೋಗಿದ್ದು?"

"ಇನ್ನೂ ಇಲ್ಲೇ ಕೂತು ಹರಟೆ ಹೊಡೀತಿದ್ಯಲ್ಲ, ಹೋಗು ಮೊದ್ಲು."

ಅವಳು ಬೈದುಕೊಂಡು ಎದ್ದು ಹೋದಳು. ನಾನು ಪೆನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಮಿಲ್ಲು ದಾಟಿದಳು, ಹುಣಸೆಮರ ದಾಟಿದಳು. ತನ್ನ ಮನೆಯ ಮೆಟ್ಟಿಲು ಹತ್ತಿ, ತಿರುಗಿಯೂ ನೋಡದೆ ಒಂದು ಕೈ ಮೇಲೆತ್ತಿ, ಇಡೀ ಬೀದಿಗೆ ಕೇಳಿಸುವಂತೆ ಕೂಗಿದಳು:

"ಬರ್ಕೊಳ್ಳೇ!"

ಬರೆದುಕೊಂಡೆ.